ದೋಸೆ ಟ್ರೇಲರ್ ಎಳೆಯಲು ಪ್ಲಗ್-ಇನ್ ಹೈಬ್ರಿಡ್ ಯೂಟ್: ನಾವು ಹಾಕಿದ ಲೆಕ್ಕ

ನಮ್ಮ ಮುಂದಿನ ಗಾಡಿ ಪ್ಲಗ್-ಇನ್ ಹೈಬ್ರಿಡ್ ಯೂಟ್ ಅಂತ ಮನೆಯಲ್ಲಿ ಈಗ ಹೆಚ್ಚುಕಡಿಮೆ ತೀರ್ಮಾನ ಆಗಿದೆ. ಯೂಟ್ ಅಂದರೆ ಮುಂದೆ ಕಾರಿನ ಹಾಗೆ ಸೀಟು, ಹಿಂದೆ ಸಾಮಾನಿಗೆ ತೊಟ್ಟಿ ಇರುವ ಪಿಕಪ್ ಗಾಡಿ. ಪ್ಲಗ್-ಇನ್ ಹೈಬ್ರಿಡ್ ಅಂದರೆ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಬ್ಯಾಟರಿಯೂ ಪೆಟ್ರೋಲ್ ಎಂಜಿನ್ನೂ ಎರಡೂ ಇರುವಂಥದ್ದು. ಇಲ್ಲಿಯವರೆಗೆ ಬರೋದಕ್ಕೆ ತುಂಬ ಓಡಾಡಿದ್ದೇವೆ, ತುಂಬ ಕೂಡಿ ಕಳೆದಿದ್ದೇವೆ. ಮೆಲ್ಬರ್ನ್‌ನಲ್ಲಿ ಸಣ್ಣ ವ್ಯಾಪಾರ ಮಾಡುವ ನಮ್ಮ ಕನ್ನಡದವರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಒಂದೇ ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನಮ್ಮ ಮನೆ ಟಾರ್ನೀಟ್‌ನಲ್ಲಿ, ಅಂದರೆ ಊರಿನ ಪಶ್ಚಿಮದ ಕಡೆ. ವಾರದ ದಿನ ಮಕ್ಕಳನ್ನು ಶಾಲೆಗೆ ಬಿಡೋದು, ಸಾಮಾನು ತರೋದು, ಹಿಟ್ಟು ರುಬ್ಬೋದು ನನ್ನ ಕೆಲಸ. ವಾರಾಂತ್ಯ ಬಂತೆಂದರೆ ಬ್ಯಾಲರಾಟ್, ಜೀಲಾಂಗ್, ಡೇಲ್ಸ್‌ಫರ್ಡ್ ಕಡೆಯ ಸಂತೆಗಳಲ್ಲಿ ನಮ್ಮ ಬೆಣ್ಣೆ ದೋಸೆ ಟ್ರೇಲರ್ ನಿಲ್ಲುತ್ತದೆ. ನಾನು ದಾವಣಗೆರೆಯವಳು, ಬೆಣ್ಣೆ ದೋಸೆ ಬಿಟ್ಟು ಬೇರೇನೂ ಮಾರುವ ಮನಸ್ಸು ಬರಲಿಲ್ಲ. ಆ ಟ್ರೇಲರನ್ನು ಇಷ್ಟು ವರ್ಷ ಎಳೆದದ್ದು ಹಳೆಯ ಡೀಸೆಲ್ ಡಬಲ್ ಕ್ಯಾಬ್. ಒಳ್ಳೆಯ ಗಾಡಿ, ಆದರೆ ಈಗ ಸರ್ವಿಸ್‌ಗೆ ಹೋದಾಗಲೆಲ್ಲ ಏನಾದರೊಂದು ದೊಡ್ಡ ಖರ್ಚು ಹೊರಡುತ್ತಿದೆ. ಶಾಲೆಯ ಹತ್ತಿರದ ಓಡಾಟಕ್ಕೆ ಅದನ್ನು ತೆಗೆಯೋದು ನನಗೆ ಮೊದಲಿಂದಲೂ ಇಷ್ಟವಿಲ್ಲ. ಎಂಜಿನ್ ಬಿಸಿಯಾಗುವ ಹೊತ್ತಿಗೆ ಶಾಲೆ ಬಂದಿರುತ್ತದೆ.

ವ್ಯಾನ್ ತಗೊಳ್ಳಬಹುದಿತ್ತಲ್ವಾ ಅಂತ ಕೆಲವರು ಕೇಳಿದರು. ಬೇಡ ಅನ್ನಿಸಿತು. ನಾಲ್ಕು ಜನ ಆರಾಮಾಗಿ ಕೂರಬೇಕು, ಗ್ಯಾಸ್ ಸಿಲಿಂಡರು ಮತ್ತು ಎಣ್ಣೆ ಡಬ್ಬಗಳು ಮಕ್ಕಳಿಂದ ದೂರ ಹಿಂದಿನ ತೊಟ್ಟಿಯಲ್ಲಿರಬೇಕು, ಟ್ರೇಲರೂ ಎಳೆಯಬೇಕು. ಇಷ್ಟೂ ಒಂದೇ ಗಾಡಿಯಲ್ಲಿ ಬೇಕು ಅಂದರೆ ಯೂಟ್ ಸರಿ. ಅದು ಹುಟ್ಟಿದ್ದೂ ಇಂಥದೇ ಕಾರಣಕ್ಕೆ. ಗಿಪ್ಸ್‌ಲ್ಯಾಂಡ್‌ನ ಒಬ್ಬ ರೈತನ ಹೆಂಡತಿ ಫೋರ್ಡ್ ಕಂಪನಿಗೆ ಪತ್ರ ಬರೆದು, ಭಾನುವಾರ ಚರ್ಚಿಗೆ ಹೋಗೋದಕ್ಕೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯೋದಕ್ಕೂ ಆಗುವ ಗಾಡಿ ಮಾಡಿಕೊಡಿ ಅಂದಳಂತೆ. ಜೀಲಾಂಗ್ ಕಾರ್ಖಾನೆಯ ಲೂ ಬ್ಯಾಂಟ್ ಎಂಬ ಯುವಕ ಅದನ್ನು ವಿನ್ಯಾಸ ಮಾಡಿದ, 1934ರಲ್ಲಿ ಅದು ಮಾರಾಟಕ್ಕೂ ಬಂತು. ನಮ್ಮ ಮನೆಯಿಂದ ಜೀಲಾಂಗ್ ದೂರವೇನಿಲ್ಲ. ಸಂತೆಗೆ ಹೋಗುವ ಒಬ್ಬ ಹೆಂಗಸು ಕೇಳಿದ್ದಕ್ಕೆ ಈ ಗಾಡಿ ಹುಟ್ಟಿತು ಅನ್ನೋದು ನನಗೆ ತುಂಬ ಹಿಡಿಸಿದ ವಿಷಯ.

ಪೂರ್ತಿ ಎಲೆಕ್ಟ್ರಿಕ್ ಯಾಕೆ ಬೇಡ ಅನ್ನೋದು ಮುಂದಿನ ಪ್ರಶ್ನೆ. ನನ್ನ ಮೈದುನ ಎಲೆಕ್ಟ್ರಿಕ್ ಕಾರು ಓಡಿಸುತ್ತಾನೆ, ಅದರ ಮೇಲೆ ಅವನಿಗೆ ಬಹಳ ಪ್ರೀತಿ. "ಅತ್ತಿಗೆ, ಪೆಟ್ರೋಲ್ ಟ್ಯಾಂಕ್ ಇರೋ ಗಾಡಿ ಇನ್ಯಾಕೆ? ತಗೊಂಡ್ರೆ ಪೂರ್ತಿ ಕರೆಂಟಿನದ್ದೇ ತಗೊಳ್ಳಿ" ಅಂದ. "ನೀನು ಟ್ರೇಲರ್ ಎಳ್ಕೊಂಡು ಚಾರ್ಜರ್ ಹತ್ರ ಹೋಗಿ ನೋಡಪ್ಪ" ಅಂದೆ. ಹೈವೇಯ ಬಹುಪಾಲು ಚಾರ್ಜಿಂಗ್ ಜಾಗಗಳು ಕಾರು ಮೂತಿ ಒಳಗಿಟ್ಟು ನಿಲ್ಲೋ ಹಾಗಿವೆ. ಟ್ರೇಲರ್ ಇದ್ದರೆ ಅದನ್ನು ಎಲ್ಲೋ ಕಳಚಿಟ್ಟು ಬರಬೇಕು. ಬೆಳಿಗ್ಗೆ ಐದಕ್ಕೆ, ಮಂಜಿನಲ್ಲಿ, ಹಿಟ್ಟಿನ ಬಕೆಟ್‌ಗಳು ತುಂಬಿರೋ ಟ್ರೇಲರನ್ನು ಕಳಚಿ ಮತ್ತೆ ಸಿಕ್ಕಿಸುವ ಕೆಲಸ ನನಗಂತೂ ಬೇಡ. ವಾರದ ದಿನ ಕರೆಂಟು, ಸಂತೆಯ ದಿನ ಪೆಟ್ರೋಲೂ ಇರಲಿ ಅನ್ನೋದು ನಮ್ಮ ವಾದ.

ಈಗ ಮಾರುಕಟ್ಟೆಯಲ್ಲಿ ನಾವು ನೋಡಿದ್ದು ಮೂರು: ಬಿವೈಡಿ ಶಾರ್ಕ್ 6, ಜಿಡಬ್ಲ್ಯೂಎಂ ಕ್ಯಾನನ್ ಆಲ್ಫಾ, ಫೋರ್ಡ್ ರೇಂಜರ್. ಮೂರಕ್ಕೂ ಪ್ಲಗ್-ಇನ್ ಹೈಬ್ರಿಡ್ ಅಂತಲೇ ಹೆಸರು, ಆದರೆ ಒಳಗಿನ ಬುದ್ಧಿ ಬೇರೆ ಬೇರೆ.

ಶಾರ್ಕ್‌ನಲ್ಲಿ 29.58 ಕಿಲೋವ್ಯಾಟ್-ಅವರ್ (ಅಂದರೆ ಕರೆಂಟ್ ಬಿಲ್ಲಿನ ಅಷ್ಟೇ ಯೂನಿಟ್) ಬ್ಯಾಟರಿ, 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಮುಂದೊಂದು ಹಿಂದೊಂದು ಮೋಟಾರ್. ಅದರ ಎಂಜಿನ್ ಹೆಚ್ಚಿನ ಹೊತ್ತು ಕರೆಂಟು ಮಾಡುವ ಕೆಲಸ ಮಾಡುತ್ತದೆ. ಹೈವೇಯಲ್ಲಿ ಮಾತ್ರ ಮುಂದಿನ ಚಕ್ರಗಳನ್ನು ನೇರವಾಗಿ ತಿರುಗಿಸುತ್ತದೆ. ಹಿಂದಿನ ಚಕ್ರಕ್ಕೂ ಎಂಜಿನ್ನಿಗೂ ನಡುವೆ ಶಾಫ್ಟೇ ಇಲ್ಲ, ಅಲ್ಲಿ ಮೋಟಾರ್ ಒಂದೇ. ಕಡಿದಾದ ಮಣ್ಣಿನ ದಾರಿಗೆ ಬೇಕಾಗುವ ಲೋ ರೇಂಜ್ ಗೇರೂ ಇಲ್ಲ. ಎಳೆಯುವ ಮಿತಿ 2,500 ಕೆಜಿ.

ರೇಂಜರ್ ಇದಕ್ಕೆ ಪೂರ್ತಿ ಉಲ್ಟಾ. ಅದು ಮಾಮೂಲಿ ಯೂಟೇ. 2.3 ಲೀಟರ್ ಪೆಟ್ರೋಲ್ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಮೋಟಾರ್ ಕೂರಿಸಿದ್ದಾರೆ. ಲೋ ರೇಂಜ್ ಇದೆ, 3,500 ಕೆಜಿ ಎಳೆಯುತ್ತದೆ. ಆದರೆ ಬ್ಯಾಟರಿ 11.8 ಕಿಲೋವ್ಯಾಟ್-ಅವರ್ ಮಾತ್ರ, ಬರೀ ಬ್ಯಾಟರಿಯಲ್ಲಿ ಓಡೋದು ಕಂಪನಿ ಲೆಕ್ಕದಲ್ಲೇ 49 ಕಿಮೀ. ಕ್ಯಾನನ್ ಆಲ್ಫಾದಲ್ಲಿ 37.1 ಕಿಲೋವ್ಯಾಟ್-ಅವರ್ ಇದೆ, 3,500 ಕೆಜಿಯನ್ನೂ ಎಳೆಯುತ್ತದೆ. ಕಾಗದದ ಮೇಲೆ ಎಲ್ಲರಿಗಿಂತ ಮುಂದಿರೋದು ಅದೇ.

ಇಲ್ಲಿ ಒಂದು ಮಾತು. ಕಂಪನಿಗಳು ಹೇಳುವ ದೂರ ಎನ್‌ಇಡಿಸಿ ಎಂಬ ಹಳೆಯ ಯೂರೋಪಿನ ಪರೀಕ್ಷೆಯದ್ದು, ಅದನ್ನು ಹಾಗೇ ನಂಬಬೇಡಿ. ಶಾರ್ಕ್‌ಗೆ 100 ಕಿಮೀ ಅಂತಾರೆ, 80ರ ಆಸುಪಾಸು ಅಂತ ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಮುಂದಿನ ಗಾಜಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ 100 ಕಿಮೀಗೆ 2 ಲೀಟರ್ ಪೆಟ್ರೋಲ್ ಅಂತ ಕಾಣಿಸುತ್ತದಲ್ಲ, ಅದು ತುಂಬಿದ ಬ್ಯಾಟರಿಯನ್ನೂ ಸೇರಿಸಿ ಮಾಡಿದ ಸರಾಸರಿ. ಬ್ಯಾಟರಿ ಇಳಿದ ಮೇಲೆ ಎಷ್ಟು ಕುಡಿಯುತ್ತದೆ ಅಂತ ಕೇಳಿ. ಶಾರ್ಕ್‌ಗೆ ಕಂಪನಿಯೇ ಹೇಳುವುದು 7.9 ಲೀಟರ್. ಟ್ರೇಲರ್ ಸಿಕ್ಕಿಸಿದರೆ ಅದೂ ಉಳಿಯುವುದಿಲ್ಲ.

ನಮ್ಮ ವಾರದ ಓಡಾಟ ಶಾಲೆ, ಅಂಗಡಿ, ಈಜು ಕ್ಲಾಸು, ವೆರಿಬಿ ಕಡೆ ತರಕಾರಿ. ಎಲ್ಲ ಕೂಡಿಸಿದರೂ ದಿನಕ್ಕೆ 50 ಕಿಮೀ ದಾಟೋದು ಅಪರೂಪ. ಶಾರ್ಕ್, ಕ್ಯಾನನ್ ಎರಡರಲ್ಲೂ ಇಷ್ಟು ದೂರ ಪೆಟ್ರೋಲ್ ಮುಟ್ಟದೆ ಮುಗಿಯುತ್ತದೆ. ರೇಂಜರ್‌ನಲ್ಲಿ ಸಂಜೆಯ ಓಡಾಟಕ್ಕೆ ಎಂಜಿನ್ ಶುರುವಾಗುತ್ತದೆ. ಬೆಲೆಯಲ್ಲೂ ಅದೇ ಮೇಲೆ. ಬಿಡುಗಡೆಯಾದಾಗ ಶಾರ್ಕ್ ನೋಂದಣಿಯಂಥ ಖರ್ಚು ಬಿಟ್ಟು 57,900 ಡಾಲರ್, ಕ್ಯಾನನ್ 60,000ದ ಆಸುಪಾಸಿನಿಂದ ಶುರು, ರೇಂಜರ್ 71,990. ಎರಡು ಟನ್ನಿಗಿಂತ ಭಾರದ ಕ್ಯಾರವಾನ್ ಕಟ್ಟಿಕೊಂಡು ದೇಶ ಸುತ್ತುವವರಿಗೆ ರೇಂಜರ್ ಸರಿಹೋಗಬಹುದು. ನಮ್ಮ ಕೆಲಸ ಬೇರೆ.

ನಮ್ಮ ಕಣ್ಣು ಇದ್ದದ್ದು ತೊಟ್ಟಿಯೊಳಗಿನ ಪ್ಲಗ್ ಪಾಯಿಂಟ್‌ಗಳ ಮೇಲೆ. ಈ ಗಾಡಿಗಳ ಬ್ಯಾಟರಿಯಿಂದ ಮನೆಯ ಕರೆಂಟಿನ ಹಾಗೆ 230 ವೋಲ್ಟ್ ಹೊರಗೆ ತೆಗೆಯಬಹುದು. ಶಾರ್ಕ್‌ನಲ್ಲಿ 6.6 ಕಿಲೋವ್ಯಾಟ್‌ವರೆಗೆ ಸಿಗುತ್ತದೆ, ರೇಂಜರ್‌ನಲ್ಲಿ 6.9. ಸಂತೆಯಲ್ಲಿ ಅಂಗಡಿ ಹಾಕುವವರಿಗೆ ಇದು ಎಂಥ ವಿಷಯ ಅಂತ ಬೇರೆಯವರಿಗೆ ಅರ್ಥ ಮಾಡಿಸೋದು ಕಷ್ಟ. ಮೈದಾನದ ಸಂತೆಗಳಲ್ಲಿ ಎಲ್ಲರಿಗೂ ಕರೆಂಟ್ ಕಂಬ ಸಿಗುವುದಿಲ್ಲ. ಅದಕ್ಕೇ ಜನರೇಟರ್ ಇಟ್ಟಿದ್ದೇವೆ. ಇಡೀ ದಿನ ಅದರ ಸದ್ದು, ಪೆಟ್ರೋಲ್ ವಾಸನೆ. ಪಕ್ಕದಲ್ಲಿ ಸೋಪು, ಮೇಣದಬತ್ತಿ ಮಾರುವವರು ಮುಖ ಸಿಂಡರಿಸುತ್ತಾರೆ, ಅವರದೇನೂ ತಪ್ಪಿಲ್ಲ. ಗಿರಾಕಿ "ಈರುಳ್ಳಿ ಇಲ್ಲದೆ ಒಂದು" ಅಂದರೆ ನನಗೆ "ಈರುಳ್ಳಿ ಜೊತೆ ಒಂದು" ಅಂತ ಕೇಳಿಸುತ್ತದೆ. ಸದ್ದು ಮಾಡುವ ಜನರೇಟರ್ ತರಬೇಡಿ ಅಂತ ಕೆಲವು ಸಂತೆಯವರು ಹೇಳೋದಕ್ಕೂ ಶುರು ಮಾಡಿದ್ದಾರೆ.

ದೋಸೆ ಕಾವಲಿ ನಮ್ಮದು ಗ್ಯಾಸಿನದು. ಕರೆಂಟು ಬೇಕಾಗಿರೋದು ಚಟ್ನಿ, ಬೆಣ್ಣೆ ಇಡುವ ಫ್ರಿಜ್ಜಿಗೆ, ದೀಪಕ್ಕೆ, ಹೊಗೆ ಎಳೆಯುವ ಫ್ಯಾನಿಗೆ, ಮಿಕ್ಸಿಗೆ, ಕಾಫಿಗೆ ನೀರು ಕಾಯಿಸುವ ದೊಡ್ಡ ಬಾಯ್ಲರಿಗೆ. ಬಾಯ್ಲರೊಂದೇ 2.4 ಕಿಲೋವ್ಯಾಟ್. ಆದರೆ ಅದು ಸದಾ ಉರಿಯುವುದಿಲ್ಲ, ನೀರು ಕಾದ ಮೇಲೆ ಆಗಾಗ ಆನ್ ಆಗುತ್ತದೆ ಅಷ್ಟೇ. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಮೀಟರ್ ತಂದು ಅಳೆದೆವು. ಗಂಟೆಗೆ ಸರಾಸರಿ 1.5 ಯೂನಿಟ್ ಬಂತು. ಆರು ಗಂಟೆಯ ಸಂತೆಗೆ 9 ಯೂನಿಟ್. ಶಾರ್ಕ್ ಬ್ಯಾಟರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಕ್ಯಾನನ್‌ನಲ್ಲಿ ಕಾಲು ಭಾಗ. ರೇಂಜರ್‌ನ ಬ್ಯಾಟರಿಯಲ್ಲಿ ಮುಕ್ಕಾಲು ಭಾಗ ಖಾಲಿ, ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಶುರುವಾದರೆ ಮತ್ತೆ ಜನರೇಟರಿನದೇ ಕಥೆ. ರೇಂಜರನ್ನು ಕೈಬಿಟ್ಟದ್ದು ಈ ಲೆಕ್ಕ ಹಾಕಿದ ಮೇಲೆ, ಬೆಲೆ ನೋಡಿ ಅಲ್ಲ.

ಇನ್ನೊಂದು ತೊಡಕಿತ್ತು. ಟಾರ್ನೀಟ್‌ನಿಂದ ಬ್ಯಾಲರಾಟಿಗೆ ಸುಮಾರು 100 ಕಿಮೀ, ಬ್ಯಾಕಸ್ ಮಾರ್ಷ್ ದಾಟಿದ ಮೇಲೆ ಪೆಂಟ್‌ಲ್ಯಾಂಡ್ ಹಿಲ್ಸ್‌ನ ಏರು. ಟ್ರೇಲರ್ ಎಳೆದುಕೊಂಡು ಹೋಗುವಾಗಲೇ ಬ್ಯಾಟರಿ ಖಾಲಿ ಮಾಡಿಕೊಂಡರೆ ಸಂತೆಯಲ್ಲಿ ಏನು ಉಳಿಯುತ್ತದೆ? ಅದಕ್ಕೆ ದಾರಿ ಇದೆ. ಚಾರ್ಜ್ ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಮೊದಲೇ ಹೇಳಿಟ್ಟರೆ ಗಾಡಿ ಪೆಟ್ರೋಲ್ ಉರಿಸಿಕೊಂಡು ಹೋಗುತ್ತದೆ, ಬ್ಯಾಟರಿ ಉಳಿಯುತ್ತದೆ. ಮೊದಲು ಬ್ಯಾಟರಿ ಮುಗಿಸಿ, ಆಮೇಲೆ ಪೆಟ್ರೋಲ್ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಸಂತೆಯ ದಿನ ನಾವು ಮಾಡಬೇಕಾದ್ದು ಅದರ ತಿರುವುಮುರುವು. ದಾರಿಯಲ್ಲಿ ಪೆಟ್ರೋಲ್ ಖರ್ಚಾಗಲಿ, ಬ್ಯಾಟರಿ ದೋಸೆಗೆ ಇರಲಿ.

ಟ್ರೇಲರ್ ಸಿಕ್ಕಿಸಿ ಓಡಿಸಿ ನೋಡದೆ ಇಷ್ಟು ದುಡ್ಡು ಹಾಕೋದು ಹೇಗೆ? ಶೋರೂಮಿನವರು ಸುತ್ತಮುತ್ತಲ ರಸ್ತೆಯಲ್ಲಿ ಒಂದು ರೌಂಡ್ ಕೊಡುತ್ತಾರೆ, ಟ್ರೇಲರ್ ಅಂದ ತಕ್ಷಣ ಆಗಲ್ಲ ಅಂತ ತಲೆ ಆಡಿಸುತ್ತಾರೆ. ಒಂದು ಕಡೆಯಂತೂ ಮಾರುವವರಿಗೆ ತೊಟ್ಟಿಯ ಪ್ಲಗ್ಗಿನಿಂದ ಎಷ್ಟು ಕಿಲೋವ್ಯಾಟ್ ಬರುತ್ತದೆ ಅನ್ನೋದೂ ಗೊತ್ತಿರಲಿಲ್ಲ, ಪರದೆ ಎಷ್ಟು ದೊಡ್ಡದು ಅನ್ನೋದನ್ನೇ ತೋರಿಸುತ್ತಿದ್ದರು. ಕಡೆಗೆ ನಮಗೆ ಪರಿಚಯದ, ಹಾಸನ ಕಡೆಯ ಒಬ್ಬರು ಶಾರ್ಕ್ ತಗೊಂಡಿದ್ದಾರೆ ಅಂತ ತಿಳಿಯಿತು. ಕೇಳಿದ್ದಕ್ಕೆ "ಬನ್ನಿ ಅಕ್ಕ, ಒಟ್ಟಿಗೇ ಹೋಗಿ ಬರೋಣ, ಓಡಿಸೋನು ಮಾತ್ರ ನಾನೇ" ಅಂದರು. ದೊಡ್ಡ ಮನಸ್ಸು.

ಟ್ರೇಲರ್ ಸಿಕ್ಕಿಸಿಕೊಂಡು ವೆಸ್ಟರ್ನ್ ಫ್ರೀವೇ ಹಿಡಿದೆವು. ಸಪಾಟು ರಸ್ತೆಯಲ್ಲಿ ಹಿಂದೆ ಏನಾದರೂ ಇದೆಯಾ ಅನ್ನೋದೇ ಗೊತ್ತಾಗುವುದಿಲ್ಲ. ಏರು ಶುರುವಾದ ಮೇಲೆ ಎಂಜಿನ್ ಒಂದೇ ಸಮ ಗುಂಯ್ ಅಂತ ಏರಿ ನಿಂತುಬಿಟ್ಟಿತು. ನಮ್ಮ ಡೀಸೆಲ್‌ನಲ್ಲಿ ಗೇರ್ ಇಳಿದು ಸದ್ದು ಬದಲಾಗುತ್ತದೆ, ಇದರಲ್ಲಿ ಅದಿಲ್ಲ. ವೇಗಕ್ಕೂ ಸದ್ದಿಗೂ ಸಂಬಂಧವೇ ಇಲ್ಲದ ಹಾಗೆ ಇರುತ್ತದೆ. ಕೇಳೋದಕ್ಕೆ ಹಿತವಲ್ಲ, ಆದರೆ ಗಾಡಿ ಒಂದು ಚೂರೂ ಹಿಂದೆ ಬೀಳಲಿಲ್ಲ. ಇಳಿಜಾರಿನಲ್ಲಿ ಮೋಟಾರೇ ಹಿಡಿದುಕೊಂಡು ಬ್ಯಾಟರಿಗೆ ಚಾರ್ಜ್ ತುಂಬುತ್ತಿತ್ತು, ಬ್ರೇಕ್ ಮುಟ್ಟಿದ್ದು ಕಡಿಮೆ. ಆ ದಿನ ಪೆಟ್ರೋಲ್ 100 ಕಿಮೀಗೆ 14 ಲೀಟರ್ ಹತ್ತಿರ ತೋರಿಸಿತು. ನಮ್ಮ ಡೀಸೆಲ್ ಗಾಡಿಗೂ ಟ್ರೇಲರ್ ಇದ್ದಾಗ ಹೆಚ್ಚುಕಡಿಮೆ ಅಷ್ಟೇ ಬೇಕು. ಅಂದರೆ ಸಂತೆಯ ದಿನದ ಓಡಾಟದಲ್ಲಿ ಉಳಿತಾಯ ಇಲ್ಲ. ಉಳಿಯೋದು ವಾರದ ಐದು ದಿನ, ಮತ್ತೆ ಜನರೇಟರಿನ ಪೆಟ್ರೋಲು.

ಬ್ಯಾಲನ್ ಹತ್ತಿರ ಒಂದು ಕಡೆ ನಿಲ್ಲಿಸಿ ಟ್ರೇಲರಿನ ವೈರನ್ನು ತೊಟ್ಟಿಯ ಪ್ಲಗ್ಗಿಗೆ ಸಿಕ್ಕಿಸಿದೆವು. ಫ್ರಿಜ್ಜು ಗುರ್ ಅಂತು. ದೀಪ ಹಾಕಿದೆ, ಫ್ಯಾನ್ ಹಾಕಿದೆ. ಬಾಯ್ಲರ್ ಆನ್ ಮಾಡಿದಾಗ ಗಾಡಿಯ ಪರದೆಯಲ್ಲಿ ಅಂಕಿ ಒಮ್ಮೆಲೇ ಮೂರು ಕಿಲೋವ್ಯಾಟಿನ ಹತ್ತಿರ ಜಿಗಿಯಿತು. ಅದರ ಮೇಲೆ ಮಿಕ್ಸಿಯಲ್ಲಿ ಹುರಿಗಡಲೆ, ಹಸಿಮೆಣಸಿನಕಾಯಿ, ಕಾಯಿ ಹಾಕಿ ತಿರುಗಿಸಿದೆ. ದೀಪ ಒಂದಿಷ್ಟೂ ಮಿಣುಕಲಿಲ್ಲ. ಜನರೇಟರಿನಲ್ಲಿ ಬಾಯ್ಲರೂ ಮಿಕ್ಸಿಯೂ ಒಟ್ಟಿಗೆ ಹಾಕುವ ಹಾಗೇ ಇರಲಿಲ್ಲ, ಒಂದು ನಿಲ್ಲಿಸಿ ಇನ್ನೊಂದು ಹಾಕಬೇಕಿತ್ತು. ಅಲ್ಲೇ ಕಾಫಿ ಮಾಡಿ ಎಲ್ಲರೂ ಕುಡಿದೆವು. ನಮ್ಮವರು ಅಲ್ಲಿಯವರೆಗೆ ಅರೆಮನಸ್ಸಿನಲ್ಲಿದ್ದರು, ಅವರೇ "ಇದು ಆಗತ್ತೆ ಕಣೇ" ಅಂದರು.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಗಮನಿಸಿ. ಗಾಡಿಯಿಂದ ಬರುವ ಕರೆಂಟಿಗೆ ಮನೆಯ ಕರೆಂಟಿನ ಹಾಗೆ ನೆಲಕ್ಕೆ ಅರ್ತಿಂಗ್ ಇರುವುದಿಲ್ಲ. ಹಾಗಾಗಿ ಟ್ರೇಲರಿನೊಳಗಿನ ಸೇಫ್ಟಿ ಸ್ವಿಚ್ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಮನೆಯಲ್ಲಿ ಬೀಳುವ ಹಾಗೇ ಇಲ್ಲೂ ಬೀಳುತ್ತದೆ ಅಂದುಕೊಳ್ಳಬಾರದು ಅಂತ ನಮ್ಮ ಎಲೆಕ್ಟ್ರಿಷಿಯನ್ ಹೇಳಿದರು. ನೀರು, ಉಗಿ, ಸ್ಟೀಲು, ಎಲ್ಲ ಒಟ್ಟಿಗಿರುವ ಜಾಗ ಅದು. ಲೈಸೆನ್ಸ್ ಇರುವವರಿಗೆ ಟ್ರೇಲರ್ ತೋರಿಸಿಯೇ ಮುಂದಕ್ಕೆ ಹೋಗಿ. ಸಂತೆಯವರೂ ವೈರುಗಳಿಗೆ ಪರೀಕ್ಷೆ ಮಾಡಿ ಅಂಟಿಸುವ ಟೆಸ್ಟ್ ಅಂಡ್ ಟ್ಯಾಗ್ ಚೀಟಿ ಇದೆಯಾ ಅಂತ ನೋಡುತ್ತಾರೆ.

ಇನ್ನು ತೂಕ. ಎಳೆಯುವ ಮಿತಿಯನ್ನು ಎಲ್ಲರೂ ಕೇಳುತ್ತಾರೆ, ಹೊರುವ ಮಿತಿಯನ್ನು ಯಾರೂ ಕೇಳುವುದಿಲ್ಲ. ಶಾರ್ಕ್ ಹೊರುವುದು 790 ಕೆಜಿ. ಟ್ರೇಲರ್ ತನ್ನ ತೂಕದ ಸುಮಾರು ಹತ್ತರಲ್ಲಿ ಒಂದು ಭಾಗವನ್ನು ಕೊಂಡಿಯ ಮೇಲೆ ಒತ್ತುತ್ತದೆ, ಅದೂ ಈ 790ರ ಒಳಗೇ ಬರಬೇಕು. ನಾವು ಸಂತೆಗೆ ಹೊರಡುವ ದಿನದ ಹಾಗೇ ಪೂರ್ತಿ ತುಂಬಿಕೊಂಡು ಗಾಡಿಗಳನ್ನು ತೂಗುವ ಸಾರ್ವಜನಿಕ ವೇ ಬ್ರಿಡ್ಜ್‌ಗೆ ಹೋದೆವು. ಟ್ರೇಲರ್ 1,400 ಕೆಜಿ ಬಂತು, ಅಂದರೆ ಕೊಂಡಿಯ ಮೇಲೆ 140. ನಾಲ್ಕು ಜನ 250. ತೊಟ್ಟಿಯ ಮುಚ್ಚಳ, ಟೋ ಬಾರ್, ಸಿಲಿಂಡರು, ಮೇಜು, ಗುಡಾರ, ಹಿಟ್ಟಿನ ಬಕೆಟ್ ಎಲ್ಲ ಸೇರಿ ಇನ್ನೊಂದು 250. ಒಟ್ಟು 640. ಸಾಕು, ಆದರೆ ಧಾರಾಳವಾಗಿಲ್ಲ. ನೀರಿನ ಕ್ಯಾನುಗಳನ್ನು ಖಾಲಿ ಒಯ್ದು ಅಲ್ಲಿ ತುಂಬಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಬೇಕು.

ತೆರಿಗೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಮ್ಮವರ ಆಫೀಸಿನ ಮೂಲಕ ನೊವೇಟೆಡ್ ಲೀಸ್ (ಸಂಬಳದಿಂದಲೇ ಕಂತು ಕಟ್ಟುವ ಗಾಡಿ ಲೀಸ್) ಮಾಡಿದರೆ ಎಫ್‌ಬಿಟಿ (ಆಫೀಸು ಕೊಡುವ ಸೌಲಭ್ಯದ ಮೇಲಿನ ತೆರಿಗೆ) ಇಲ್ಲ ಅಂತ ಇನ್ನೂ ಹಲವರು ಹೇಳುತ್ತಾರೆ. ಪ್ಲಗ್-ಇನ್ ಹೈಬ್ರಿಡ್‌ಗೆ ಆ ವಿನಾಯಿತಿ 2025ರ ಏಪ್ರಿಲ್ 1ಕ್ಕೇ ನಿಂತಿತು. ಅದಕ್ಕೂ ಮೊದಲೇ ಕರಾರು ಮಾಡಿಕೊಂಡವರಿಗೆ ಮಾತ್ರ ಮುಂದುವರಿಯುತ್ತದೆ. ಒಂದು ಟನ್ನಿಗಿಂತ ಕಡಿಮೆ ಹೊರುವ ಯೂಟ್ ತೆರಿಗೆಯವರ ಲೆಕ್ಕದಲ್ಲಿ ಕಾರೇ. ಹಾಗಾಗಿ ವ್ಯಾಪಾರಕ್ಕೆ ಎಷ್ಟು, ಮನೆಗೆ ಎಷ್ಟು ಓಡಿಸಿದಿರಿ ಅಂತ ತೋರಿಸಲು ಲಾಗ್‌ಬುಕ್ ಬೇಕು. ಸತತ 12 ವಾರ ಬರೆದರೆ ಐದು ವರ್ಷ ನಡೆಯುತ್ತದೆ. ನಾವು ಹಳೆಯ ಗಾಡಿಯಲ್ಲೇ ಬರೆಯೋದಕ್ಕೆ ಶುರು ಮಾಡಿದೆವು. ದಿನದ ಓಡಾಟ ಎಷ್ಟು ಅನ್ನೋದು ಅದರಿಂದಲೇ ಸರಿಯಾಗಿ ಗೊತ್ತಾಯಿತು. ಒಂದೇ ಸಲ ಪೂರ್ತಿ ಖರ್ಚು ತೋರಿಸುವ ಸಣ್ಣ ವ್ಯಾಪಾರದ ಸೌಲಭ್ಯ 2025-26ರಲ್ಲಿ 20,000 ಡಾಲರ್‌ಗಿಂತ ಕಡಿಮೆ ಬೆಲೆಯ ವಸ್ತುವಿಗೆ ಮಾತ್ರ ಇತ್ತು, ಈ ಗಾಡಿಗಳಿಗೆ ಸಿಗುವುದಿಲ್ಲ. ಗಾಡಿಯ ಬೆಲೆಯನ್ನು ಮೊದಲ ವರ್ಷ 15%, ಆಮೇಲೆ 30% ಲೆಕ್ಕದಲ್ಲಿ ಖರ್ಚು ತೋರಿಸಿ ಇಳಿಸುತ್ತಾ ಹೋಗಬೇಕು. ನಿಮ್ಮ ಅಕೌಂಟೆಂಟ್ ಹತ್ತಿರ ಮಾತಾಡಿಯೇ ಸಹಿ ಹಾಕಿ.

ಚಾರ್ಜಿಂಗ್ ಮನೆಯಲ್ಲೇ ಆಗಬೇಕು, ಇಲ್ಲದಿದ್ದರೆ ಈ ಗಾಡಿ ತಗೊಳ್ಳೋದರಲ್ಲಿ ಅರ್ಥವಿಲ್ಲ. ಚಾರ್ಜ್ ಮಾಡದೆ ಓಡಿಸಿದರೆ ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಗಾಡಿ ಅಷ್ಟೇ. ನಮ್ಮ ಮಾಳಿಗೆಯ ಮೇಲೆ 6.6 ಕಿಲೋವ್ಯಾಟ್ ಸೋಲಾರ್ ಇದೆ. ಮೊದಲು ಉಳಿದ ಕರೆಂಟ್ ಮಾರಿದರೆ ನಾಲ್ಕು ಕಾಸು ಬರುತ್ತಿತ್ತು. ವಿಕ್ಟೋರಿಯಾದಲ್ಲಿ ಕನಿಷ್ಠ ದರ 2024-25ರಲ್ಲಿ ಯೂನಿಟ್ಟಿಗೆ 3.3 ಸೆಂಟ್ ಇತ್ತು, 2025-26ಕ್ಕೆ 0.04 ಸೆಂಟ್ ಮಾಡಿದರು. ಸುಮ್ನೆ ಕೊಟ್ಟ ಹಾಗೇ ಅಲ್ವಾ? ಮಧ್ಯಾಹ್ನ ನಾನು ಹಿಟ್ಟು ರುಬ್ಬುವಾಗ ಗಾಡಿ ಮನೆಯಲ್ಲೇ ನಿಂತಿರುತ್ತದೆ, ಆ ಬಿಸಿಲು ಬ್ಯಾಟರಿಗೆ ಹೋಗಲಿ. ಮಾಮೂಲಿ 10 ಆಂಪ್ ಪ್ಲಗ್ಗಿನಲ್ಲಿ 2.3 ಕಿಲೋವ್ಯಾಟ್ ಬರುತ್ತದೆ, ಶಾರ್ಕ್ ಪೂರ್ತಿ ತುಂಬಲು 13 ಗಂಟೆ ದಾಟುತ್ತದೆ. ಆದರೆ ದಿನಾ ಪೂರ್ತಿ ತುಂಬಬೇಕಾಗಿಲ್ಲವಲ್ಲ. ದೊಡ್ಡ ಚಾರ್ಜರ್ ಬೇಡ, 15 ಆಂಪಿನ ಒಂದು ಪಾಯಿಂಟ್ ಸಾಕು ಅಂತ ನಾವು ತೀರ್ಮಾನಿಸಿದೆವು. ಜೂನ್, ಜುಲೈಯಲ್ಲಿ ಇಲ್ಲಿ ಬಿಸಿಲು ನಂಬುವ ಹಾಗಿಲ್ಲ, ಆಗ ರಾತ್ರಿಯ ಅಗ್ಗದ ಕರೆಂಟೇ ಗತಿ.

ಗಾಡಿಯ ಉದ್ದ ಇನ್ನೊಂದು ಸಮಸ್ಯೆ. ಶಾರ್ಕ್ 5,457 ಮಿಲಿಮೀಟರ್. ನಮ್ಮ ಗ್ಯಾರೇಜಿನ ಹಿಂಗೋಡೆಗೆ ಡೀಪ್ ಫ್ರೀಜರು, ಅಕ್ಕಿ ಉದ್ದಿನ ಮೂಟೆಗಳಿವೆ. ಟೇಪ್ ಹಿಡಿದು ಅಳೆದರೆ ಬಾಗಿಲು ಮುಚ್ಚುವುದಿಲ್ಲ. ಕ್ಯಾನನ್ನೂ ಇಷ್ಟೇ ಉದ್ದ. ಹಾಗಾಗಿ ಗಾಡಿ ಹೊರಗೇ ನಿಲ್ಲುತ್ತದೆ, ಪಾಯಿಂಟ್ ಹೊರಗೋಡೆಗೆ, ಮಳೆ ತಾಗದ ಡಬ್ಬಿಯಲ್ಲಿ ಬರುತ್ತದೆ.

ಶಾರ್ಕಾ, ಕ್ಯಾನನ್ನಾ? ಕ್ಯಾನನ್‌ನ ದೊಡ್ಡ ಬ್ಯಾಟರಿ ಆಸೆ ಹುಟ್ಟಿಸುತ್ತದೆ. ಆದರೆ ನಮ್ಮ ಟ್ರೇಲರಿಗೆ 3,500 ಕೆಜಿಯ ಶಕ್ತಿ ಬೇಕಿಲ್ಲ, ಕಾಡಿನ ದಾರಿಗೂ ನಾವು ಹೋಗುವವರಲ್ಲ. ಮಣ್ಣಿನ ಸಂತೆ ಮೈದಾನ ಅಂದರೆ ಒದ್ದೆ ಹುಲ್ಲು, ಅಷ್ಟೇ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತು ಬಂದಾಗ ಶಾರ್ಕ್ ಮೆತ್ತಗೆ ಹೋಗುತ್ತದೆ, ನಮ್ಮ ಹಳೆಯದರ ಹಾಗೆ ಕುಲುಕುವುದಿಲ್ಲ. ಟ್ರೇಲರ್ ಸಿಕ್ಕಿಸಿ ನಾವು ಕಣ್ಣಾರೆ ನೋಡಿದ್ದೂ ಅದನ್ನೇ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಮೀ ವಾರಂಟಿ ಇದೆ. ವ್ಯಾಪಾರಕ್ಕೆ ಬಳಸುವ ಗಾಡಿಗೆ ಷರತ್ತುಗಳು ಬೇರೆ ಇರಬಹುದು, ಆ ಪುಟವನ್ನು ಬರಹದಲ್ಲಿ ಕೇಳಿದ್ದೇವೆ. ಅದು ಕೈಗೆ ಬಂದ ಮೇಲೇ ಮುಂಗಡ ಕೊಡೋದು.

ಅಲ್ಲಿಯವರೆಗೆ ಎಲೆಕ್ಟ್ರಿಷಿಯನ್ ಬಂದು ಹೊರಗೋಡೆಯ ಪಾಯಿಂಟ್ ಹಾಕುತ್ತಾರೆ, ಟ್ರೇಲರಿನ ಸೇಫ್ಟಿ ಸ್ವಿಚ್ಚನ್ನೂ ಅವರೇ ಸರಿ ಮಾಡಿಕೊಡುತ್ತಾರೆ. ಹಳೆಯ ಡೀಸೆಲ್ ಗಾಡಿಗೆ ಟ್ರೇಡ್-ಇನ್‌ನಲ್ಲಿ ಹೇಳಿದ ಬೆಲೆ ತೀರಾ ಕಡಿಮೆ, ಅದನ್ನು ನಾವೇ ಹೊರಗೆ ಮಾರುತ್ತೇವೆ. ಜನರೇಟರ್ ಮಾತ್ರ ಇನ್ನೊಂದು ವರ್ಷ ಶೆಡ್ಡಿನಲ್ಲಿರಲಿ ಅಂತ ನಮ್ಮವರು, ಅದನ್ನೂ ಕೊಟ್ಟುಬಿಡೋಣ ಅಂತ ನಾನು. ಆ ಮಾತು ಇನ್ನೂ ಇತ್ಯರ್ಥವಾಗಿಲ್ಲ.